ಟ್ರಿಪ್ ಆದ ಮೋಟಾರು ನಿಲ್ಲುವ ಬಗೆ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿಯ ಹೊಣೆ ಹೊತ್ತಿದ್ದ ಕಾಲದಲ್ಲಿ, ಒಂದು ಮಳೆಗಾಲದ ರಾತ್ರಿ ಪಾಳಿಯಲ್ಲಿ, ಭಾರವಾದ ಗ್ರಿಪ್ಪರನ್ನು ಹೊತ್ತು ಕೆಳಗಿಳಿಯುತ್ತಿದ್ದ ಯಂತ್ರದ ಎನ್‌ಕೋಡರ್ ಕೇಬಲ್ಲು ಕಡಿದು, ಡ್ರೈವು ಅಲಾರಂ ತೋರಿಸಿ ಮೋಟಾರನ್ನು ಬಿಟ್ಟುಕೊಟ್ಟಿತು. ಬ್ರೇಕು ಕಚ್ಚುವಷ್ಟರಲ್ಲಿ ಗ್ರಿಪ್ಪರು ಅಂಗೈಯಗಲ ಜಾರಿ ಫಿಕ್ಸ್‌ಚರಿಗೆ ಬಡಿದಿತ್ತು. ದೈವವಶಾತ್ ಅಲ್ಲಿ ಯಾರ ಕೈಯೂ ಇರಲಿಲ್ಲ. “ಟ್ರಿಪ್ ಆದ ಮೇಲೂ ಇಳಿಯಿತಲ್ಲ ಸಾರ್, ಅದು ಹೇಗೆ?” ಎಂದು ಆಪರೇಟರ್ ಹುಡುಗ ಕೇಳಿದ ಪ್ರಶ್ನೆ ಅತ್ಯಂತ ಯೋಗ್ಯವಾದುದಾಗಿತ್ತು.

ವೇಗವನ್ನು ಕ್ರಮವಾಗಿ ಇಳಿಸಿ ನಿಲ್ಲಿಸಬೇಕಾದರೆ ರೋಟರಿನ ಸ್ಥಾನ ಡ್ರೈವಿಗೆ ತಿಳಿದಿರಬೇಕು. ಅದನ್ನು ತಿಳಿಸುವ ಎನ್‌ಕೋಡರು ಕೈಕೊಟ್ಟೊಡನೆ ಆ ಮಾರ್ಗ ಮುಚ್ಚುತ್ತದೆ. ಅನಂತರ ಉಳಿಯುವುದು ಡೈನಾಮಿಕ್ ಬ್ರೇಕಿಂಗ್: ಮೋಟಾರಿನ ಸುರುಳಿಗಳನ್ನು ರೆಸಿಸ್ಟರಿನ ಮೂಲಕ ಒಂದಕ್ಕೊಂದು ಕೂಡಿಸಿದರೆ, ಶಾಶ್ವತ ಅಯಸ್ಕಾಂತಗಳುಳ್ಳ ರೋಟರು ತಿರುಗುವಷ್ಟು ಹೊತ್ತು ಜನರೇಟರಾಗಿ, ತನ್ನ ಚಲನಶಕ್ತಿಯನ್ನು ಶಾಖರೂಪದಲ್ಲಿ ಕಳೆದುಕೊಳ್ಳುತ್ತದೆ. ಆದರೆ ನಿಂತ ಮೋಟಾರಿನಲ್ಲಿ ಈ ತಡೆ ಶೂನ್ಯವಾದುದರಿಂದ, ತೂಗುವ ಭಾರವನ್ನು ಅದು ಹಿಡಿದಿಡಲಾರದು. ಆ ಕಾರ್ಯ, 24 ವೋಲ್ಟ್ ಇರುವ ತನಕ ಬಿಟ್ಟುಕೊಂಡಿದ್ದು, ಅದು ಹೋದೊಡನೆ ಸ್ಪ್ರಿಂಗಿನ ಬಲದಿಂದ ಕಚ್ಚುವ ಬ್ರೇಕಿನದು. ಅದಾದರೋ ನಿಂತದ್ದನ್ನು ಹಿಡಿಯಲೆಂದು ರಚಿತವಾದುದು, ಓಡುವುದನ್ನು ಪದೇ ಪದೇ ನಿಲ್ಲಿಸಿದರೆ ಸವೆದುಹೋಗುತ್ತದೆ.

ನಮ್ಮ ಬ್ರೇಕು ತಡವಾಗಿ ಕಚ್ಚಿದ್ದೇಕೆಂದು ಪ್ಯಾನೆಲ್ ತೆರೆದು ಶೋಧಿಸಿದಾಗ, ಬ್ರೇಕಿನ ಕಾಯಿಲಿಗೆ ಅಡ್ಡಲಾಗಿ ಕೂರಿಸಿದ್ದ ಪುಟ್ಟ ಡಯೋಡು ಕಣ್ಣಿಗೆ ಬಿತ್ತು. ರಿಲೇಯನ್ನು ಕಾಪಾಡಲೆಂದು ಹಾಕಿದ್ದ ಆ ಡಯೋಡಿನ ಮೂಲಕವೇ, ರಿಲೇ ಬಿಟ್ಟ ಬಳಿಕವೂ ಕಾಯಿಲಿನ ಪ್ರವಾಹ ಸುತ್ತುತ್ತಾ ಮೆಲ್ಲಗೆ ಇಂಗುತ್ತಿತ್ತು. ಅದು ಇಂಗುವ ತನಕ ಸ್ಪ್ರಿಂಗಿಗೆ ಸ್ವಾತಂತ್ರ್ಯವಿಲ್ಲ. ಡಯೋಡು ತೆಗೆದು, ಆ ಪ್ರವಾಹವನ್ನು ಬೇಗ ಇಂಗಿಸುವ ವೇರಿಸ್ಟರ್ ಹಾಕಿದ ಮೇಲೆ ಜಾರುವಿಕೆ ಬಹಳ ಕುಗ್ಗಿತು.

ಕರೆಂಟು ಹೋದಾಗಿನ ಸಂಗತಿಯೇ ಬೇರೆ. ಆಗ ಎನ್‌ಕೋಡರು ಇನ್ನೂ ಜೀವಂತವಾಗಿದ್ದರೆ, ನಿಧಾನಗೊಳ್ಳುವ ಮೋಟಾರು ಹಿಂದಿರುಗಿಸುವ ಶಕ್ತಿಯಿಂದಲೇ ಕೆಪ್ಯಾಸಿಟರುಗಳನ್ನು ತುಂಬಿಕೊಳ್ಳುತ್ತಾ ಡ್ರೈವು ಕ್ರಮಬದ್ಧವಾಗಿ ನಿಲ್ಲಿಸಬಲ್ಲುದು. ಹೀಗೆ ಒಂದೊಂದು ದೋಷಕ್ಕೆ ಒಂದೊಂದು ನಿಲುಗಡೆ ಇರುವಾಗ, ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಇಟ್ಟು ಯಂತ್ರವನ್ನು ಒಪ್ಪಿಸುವ ಪದ್ಧತಿ ನನಗೆ ಎಂದಿಗೂ ಸಮ್ಮತವಲ್ಲ.

ಅಂದಿನಿಂದ ಹೊಸ ಯಂತ್ರ ಬಂದಾಗಲೆಲ್ಲ, ಲಂಬ ಅಕ್ಷದ ಕೆಳಗೆ ಮರದ ದಿಮ್ಮಿಯಿಟ್ಟು, ಭಾರವನ್ನು ಮೆಲ್ಲಗೆ ಇಳಿಸುತ್ತಾ, ಮೋಟಾರಿನ ಟಾರ್ಕನ್ನು ಒಡನೆಯೇ ತೆಗೆದುಹಾಕುವ ಎಸ್‌ಟಿಓ ಸಂಜ್ಞೆಯನ್ನು ಕಡಿದು, ಎಷ್ಟು ಮಿಲಿಮೀಟರ್ ಜಾರಿತೆಂಬುದನ್ನು ಅಳೆದು ಪ್ಯಾನೆಲ್ಲಿನ ಬಾಗಿಲ ಒಳಬದಿಯಲ್ಲಿ ಬರೆದಿಡುತ್ತೇನೆ.