ಊರು ತೋರಿಸುವುದೂ ಒಂದು ವಿದ್ಯೆ



ಮಾನ್ವಿ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಸದಸ್ಯೆಯೊಬ್ಬರು ಮಗಳನ್ನು ಪ್ರವಾಸೋದ್ಯಮದ ಕೋರ್ಸಿಗೆ ಸೇರಿಸಲು ಸಾಲ ಕೇಳಿದರು. ಕೂಡಲೇ ಹಿರಿಯರೊಬ್ಬರು, "ಗುಡಿ ಗುಂಡಾರ ತೋರ್ಸಾಕ ಓದಬೇಕೇನ್ರೀ? ಯಾರನ್ನ ಕೇಳಿದ್ರೂ ದಾರಿ ಹೇಳ್ತಾರ!" ಎಂದರು. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಒಳ್ಳೆಯದೇ. ಈ ತಿಂಗಳ ಪಾಠವನ್ನು ಅಲ್ಲಿಂದಲೇ ಶುರು ಮಾಡೋಣ.

ದಾರಿ ಹೇಳುವುದು ಬೇರೆ, ಬಂದವರಿಗೆ ಊರನ್ನು ತಿಳಿಸಿ ಹೇಳುವುದು ಬೇರೆ. ರಾಯಚೂರು ಕೋಟೆಯ ಮುಂದೆ ನಾವು ಎಷ್ಟು ಸಲ ಓಡಾಡಿಲ್ಲ? ಅಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲಿದೆ. ಅದರ ಮೇಲಿನ ತೆಲುಗು ಶಾಸನ 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ತಿಳಿಸುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳೂ ಶಾಸನಗಳೂ ಇವೆ. ಮಾನ್ವಿ ತಾಲ್ಲೂಕಿನ ಚೀಕಲಪರವಿ ವಿಜಯದಾಸರು ಹುಟ್ಟಿದ ಊರು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಇದನ್ನೆಲ್ಲ ತಪ್ಪಿಲ್ಲದೆ, ಬೇಸರವಾಗದಂತೆ ಹೇಳುವುದಕ್ಕೆ ಓದು ಬೇಕು.

ಕೋರ್ಸಿನಲ್ಲಿ ಇತಿಹಾಸ ಮಾತ್ರ ಇರುವುದಿಲ್ಲ. ಬಂದವರನ್ನು ಬರಮಾಡಿಕೊಳ್ಳುವುದು, ಕಂಪ್ಯೂಟರಿನಲ್ಲಿ ರೈಲು-ಬಸ್ಸಿನ ಟಿಕೆಟ್ ಕಾದಿರಿಸುವುದು, ಲಾಡ್ಜು ಗೊತ್ತುಮಾಡುವುದು, ಬಿಲ್ಲು ಬರೆಯುವುದು, ಪ್ರಥಮ ಚಿಕಿತ್ಸೆ, ಲೆಕ್ಕ, ಇವೂ ಇರುತ್ತವೆ.

ಲೆಕ್ಕ ಯಾಕೆ ಬೇಕು, ನೋಡೋಣ. 12 ಜನರ ಒಂದು ದಿನದ ಪ್ರವಾಸ ಎಂದುಕೊಳ್ಳಿ. ಗಾಡಿ ಬಾಡಿಗೆ 6,000 ರೂಪಾಯಿ, ಊಟ ತಲಾ 150ರಂತೆ 1,800, ತೋರಿಸುವವರ ಕೂಲಿ 600. ಒಟ್ಟು 8,400. ತಲೆಗೆ 700 ರೂಪಾಯಿ. ಕಡೆ ಗಳಿಗೆಯಲ್ಲಿ ಇಬ್ಬರು ಬರಲಿಲ್ಲ. ಬಂದ ಹಣ 7,000. ಊಟದ ಖರ್ಚು 300 ಕಡಿಮೆಯಾಯಿತು, ಗಾಡಿ ಬಾಡಿಗೆ ಮಾತ್ರ ಅಷ್ಟೇ ಇತ್ತು. ಒಟ್ಟು ಖರ್ಚು 8,100 ಆಗಿ 1,100 ರೂಪಾಯಿ ಕೈಬಿಟ್ಟಿತು! ಅದಕ್ಕೇ ಮುಂಗಡ ಪಡೆಯಬೇಕು, ಷರತ್ತು ಮೊದಲೇ ಹೇಳಬೇಕು. ಇದೂ ಓದಿನ ಭಾಗವೇ.

ಎಲ್ಲಿ ಓದಬಹುದು? ಪಿಯುಸಿ ಮುಗಿಸಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮ ಡಿಪ್ಲೊಮಾ ಇದೆ. ಮನೆಯಲ್ಲಿದ್ದೇ ಓದಬಹುದು. ಆದರೆ ಪಾಠಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಸೇರುವ ಮೊದಲೇ ಭಾಷೆಯ ಕಡೆ ಗಮನ ಕೊಡಿ. ಶಾಲೆ ಅರ್ಧಕ್ಕೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಮೊದಲು ಹತ್ತನೇ ತರಗತಿ ಮುಗಿಸಬಹುದು. ಅಲ್ಲಿ ಪಿಯುಸಿ ಮಟ್ಟದಲ್ಲಿ ಪ್ರವಾಸೋದ್ಯಮವೇ ಒಂದು ವಿಷಯವಾಗಿದೆ.

ಇನ್ನು ಎಚ್ಚರಿಕೆಯ ಮಾತು. ನಮಗೆ ಗೊತ್ತಿರುವ ಒಬ್ಬ ತಾಯಿ, ಗೋಡೆಗೆ ಹಚ್ಚಿದ ಜಾಹೀರಾತು ನೋಡಿ ಸಂಘದ ಸಾಲದಿಂದ ಪೂರ್ತಿ ಫೀಸು ಕಟ್ಟಿದರು. ಆರು ತಿಂಗಳ ನಂತರ ಮಗಳ ಕೈಗೆ ಬಂದ ಸರ್ಟಿಫಿಕೇಟಿಗೆ ಯಾವ ಮಾನ್ಯತೆಯೂ ಇರಲಿಲ್ಲ. ಕಂತು ಮಾತ್ರ ತಪ್ಪಲಿಲ್ಲ. ಆದ್ದರಿಂದ ಸಾಲಕ್ಕೆ ಮೊದಲೇ ವಿಚಾರಿಸಿ. ಸರ್ಟಿಫಿಕೇಟ್ ಕೊಡುವವರು ಯಾರು? ವಿಶ್ವವಿದ್ಯಾಲಯವೋ, ಸರ್ಕಾರದ ಮಂಡಳಿಯೋ? ಅಲ್ಪಾವಧಿ ವೃತ್ತಿ ಕೋರ್ಸಾದರೆ, ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತಿನ ಮಾನ್ಯತೆ ಇದೆಯೇ? ಕಾಗದ ತೋರಿಸಿ ಎಂದು ಕೇಳಿರಿ. ಫೀಸನ್ನು ಕಂತಿನಲ್ಲಿ ಕಟ್ಟಿ, ಪ್ರತಿ ಸಲ ರಸೀದಿ ತೆಗೆದುಕೊಳ್ಳಿ. "ನೌಕರಿ ಗ್ಯಾರಂಟಿ" ಅನ್ನುವವರನ್ನು ಎರಡು ಸಲ ಕೇಳಿ.

ಓದಿದ ಮಾತ್ರಕ್ಕೆ ಮನೆ ಬಾಗಿಲಿಗೆ ಕೆಲಸ ಬರುವುದಿಲ್ಲ. ದೇವದುರ್ಗ, ಮಾನ್ವಿಯಲ್ಲಿ ಅವಕಾಶ ಕಡಿಮೆ. ರಾಯಚೂರಿನಲ್ಲಿ ರೈಲು ಜಂಕ್ಷನ್ ಇದೆ, ಮಂತ್ರಾಲಯಕ್ಕೆ ಹೋಗುವ ಯಾತ್ರಿಕರು ಬರುತ್ತಾರೆ. ಲಾಡ್ಜು, ಟ್ರಾವೆಲ್ಸ್ ಕಚೇರಿಗಳಲ್ಲಿ ಕೆಲಸ ಹುಡುಕಬಹುದು. ಹೆಚ್ಚಿನ ಅವಕಾಶಕ್ಕೆ ಹೊಸಪೇಟೆ, ಹಂಪಿ ಕಡೆಗೋ ಬೆಂಗಳೂರಿಗೋ ಹೋಗಬೇಕಾದೀತು. ಮಗಳನ್ನು ಹೊರಗೆ ಕಳಿಸಲು ಮನೆಯವರು ಒಪ್ಪುತ್ತಾರೆಯೇ, ಅವಳು ಎಲ್ಲಿ ಇರುತ್ತಾಳೆ, ರಾತ್ರಿ ಕೆಲಸ ಇದ್ದರೆ ವಾಪಸ್ ಬರುವುದು ಹೇಗೆ, ಇದೆಲ್ಲ ಮಗಳನ್ನೂ ಕೂರಿಸಿಕೊಂಡು ಮೊದಲೇ ಮಾತಾಡಿರಿ.

ಒಂದು ಬಂಡವಾಳ ನಮ್ಮ ಹೆಣ್ಣುಮಕ್ಕಳ ಹತ್ತಿರ ಈಗಾಗಲೇ ಇದೆ. ಕನ್ನಡ, ತೆಲುಗು, ಹಿಂದಿ ಮೂರೂ ಆಡುವವರು ನಮ್ಮ ಓಣಿಗಳಲ್ಲಿ ಎಷ್ಟೋ ಜನ ಇದ್ದಾರೆ. ಬೇರೆ ಕಡೆಯವರು ದುಡ್ಡು ಕೊಟ್ಟು ಕಲಿಯುವುದನ್ನು ಇವರು ಬಾವಿಕಟ್ಟೆಯಲ್ಲೇ ಕಲಿತಿದ್ದಾರೆ.

ಆ ಸಭೆಯಲ್ಲಿ ಕೊನೆಗೆ ಏನಾಯಿತು? ಸಾಲ ಬೇಡ ಅನ್ನಲಿಲ್ಲ. ಇಬ್ಬರು ಸದಸ್ಯರು ತಾಯಿ-ಮಗಳ ಜೊತೆ ಹೋಗಿ ಮಾನ್ಯತೆಯ ಕಾಗದ ನೋಡಿ ಬರಬೇಕು, ಆಮೇಲೆ ಮೊದಲ ಕಂತಿನಷ್ಟು ಮಾತ್ರ ಸಾಲ ಕೊಡಬೇಕು ಎಂದು ಠರಾವು ಬರೆದರು. ನಕ್ಕ ಹಿರಿಯರೇ, "ನಾನೂ ಬರ್ತೀನವ್ವಾ" ಎಂದು ಮೊದಲು ಎದ್ದರು.

ಸಭೆಯಲ್ಲಿ ಚರ್ಚಿಸಿ:
1. ನಮ್ಮ ಊರಿಗೆ ಹೊರಗಿನವರು ಬಂದರೆ ಏನೇನು ತೋರಿಸಬಹುದು? ಅದರ ಬಗ್ಗೆ ನಮಗೆಷ್ಟು ಗೊತ್ತಿದೆ?
2. ನಮ್ಮ ಸಂಘದಲ್ಲಿ ಓದು ಅರ್ಧಕ್ಕೆ ನಿಂತ ಹೆಣ್ಣುಮಕ್ಕಳು ಎಷ್ಟು ಜನ?
3. ಓದಿನ ಸಾಲ ಕೊಡುವ ಮೊದಲು ಯಾವ ಕಾಗದ ನೋಡಬೇಕು? ಠರಾವು ಬರೆಯಿರಿ.