ಹುಲ್ಲುಗಾವಲಿನಲ್ಲಿ ಮರ ನೆಡುವ ವಿಚಾರ

ಹುಲ್ಲುಗಾವಲೆಂದರೆ ಮರವಿಲ್ಲದ ಬಯಲೆಂದೂ, ಮರಗಳಿದ್ದರೆ ಅದು ಕಾಡೆಂದೂ ನಮ್ಮಲ್ಲಿ ಅನೇಕರ ಎಣಿಕೆ. ದನ ಕುರಿ ಕಾಯ್ದವರಿಗೆ ಈ ಭೇದ ಅಷ್ಟು ಸ್ಪಷ್ಟವಲ್ಲ. ಬೇಸಗೆಯಲ್ಲಿ ಹುಲ್ಲು ಒಣಗಿದ ಮೇಲೆ ಮಂದೆಯನ್ನು ಬದುಕಿಸುವುದು ಮರವೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಹಿರಿಯರೆಲ್ಲ ಕುರಿಯ ಹಿಂದೆ ನಡೆದವರು. ಆದುದರಿಂದ ಈ ವಿಷಯದಲ್ಲಿ ನನಗೆ ತುಸು ಪಕ್ಷಪಾತವುಂಟೆಂದು ವಾಚಕರು ಭಾವಿಸಿದರೆ ನನ್ನ ಆಕ್ಷೇಪಣೆಯಿಲ್ಲ.

ಈಚೆಗೆ ಈ ವಿಚಾರ ಚರ್ಚೆಗೆ ಬಂದಿರುವುದು ಹವಾಮಾನದ ಕಾರಣದಿಂದ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಮೀಥೇನ್ ಅನಿಲ ಹುಟ್ಟಿ ತೇಗಿನೊಡನೆ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. 2019ರ ಜಾನುವಾರು ಗಣತಿಯಂತೆ ನಮ್ಮ ದೇಶದಲ್ಲಿ 19 ಕೋಟಿಗೂ ಮಿಕ್ಕು ದನಗಳಿದ್ದವು. ಅವನ್ನು ಸಾಕಬೇಡವೆಂದು ಬಡವನಿಗೆ ಹೇಳಲಾಗದು. ಮೇಯುವ ನೆಲದಲ್ಲೇ ಮರ ಬೆಳೆಸಿದರೆ ಕಾಂಡ, ಬೇರು, ಮಣ್ಣುಗಳಲ್ಲಿ ಇಂಗಾಲ ಸೇರಿಕೊಂಡು ಈ ಸಾಲದ ಒಂದಂಶವಾದರೂ ತೀರುತ್ತದೆಂಬುದು ತಜ್ಞರ ವಾದ.

ಇದು ಹೊಸ ವಿದ್ಯೆಯೇನೂ ಅಲ್ಲ. ತಮಿಳುನಾಡಿನ ತಿರುಪ್ಪೂರು, ಈರೋಡು, ಕರೂರು ಜಿಲ್ಲೆಗಳ ಒಣನೆಲದಲ್ಲಿ ‘ಕೊರಂಗಾಡು’ ಎಂಬ ಮೇವುನೆಲಗಳಿವೆ. ಅಲ್ಲಿನ ರೈತ ತನ್ನ ನೆಲವನ್ನು ಕೆಲವು ಎಕರೆಗಳ ತುಂಡುಗಳಾಗಿ ವಿಂಗಡಿಸಿ, ಸುತ್ತಲೂ ಮುಳ್ಳುಕಿಳುವೆಯ ಜೀವಂತ ಬೇಲಿ ಬೆಳೆಸುತ್ತಾನೆ. ಒಳಗೆ ಕೊಳುಕಟ್ಟೈ ಎಂಬ ಹುಲ್ಲು. ನಡುನಡುವೆ, ದೂರ ದೂರಕ್ಕೆ, ಬಿಳಿಜಾಲಿ ಮರಗಳು. ಒಂದು ತುಂಡಿನಲ್ಲಿ ಮೇಯ್ದ ದನವನ್ನು ಇನ್ನೊಂದಕ್ಕೆ ಹೊಡೆಯುತ್ತಾರೆ. ಅಷ್ಟರಲ್ಲಿ ಮೊದಲಿನದು ಚಿಗುರುತ್ತದೆ. ಬಿಳಿಜಾಲಿಯ ಎಲೆ ಚಿಕ್ಕದು, ನೆರಳು ತೆಳುವು. ಅದರಡಿಯಲ್ಲಿ ಹುಲ್ಲು ಸಾಯುವುದಿಲ್ಲ. ಬೇಸಗೆಯಲ್ಲಿ ಮಾಗುವ ಅದರ ಕಾಯಿ ದನಕ್ಕೂ ಆಯಿತು, ಕುರಿಗೂ ಆಯಿತು. ಹೆಸರಾಂತ ಕಾಂಗೇಯಂ ದನಗಳು ಬೆಳೆದುದು ಇಂಥ ನೆಲದಲ್ಲೇ. ಬೆಂದ ಬಯಲಿನಲ್ಲಿ ಏದುಸಿರು ಬಿಡುವ ದನ ಮೇಯುವುದನ್ನೇ ಕಡಿಮೆ ಮಾಡುತ್ತದೆ, ಹಾಲೂ ಇಳಿಯುತ್ತದೆ. ಬಿಸಿಲು ಏರುತ್ತಿರುವ ಈ ದಿನಗಳಲ್ಲಿ, ಇಂಗಾಲದ ಲೆಕ್ಕಕ್ಕಿಂತ ನೆರಳೇ ದೊಡ್ಡ ಲಾಭವೆಂದು ನನ್ನ ಅಭಿಪ್ರಾಯ.

ಆದರೆ ಮರವೆಂದ ಮಾತ್ರಕ್ಕೆ ಎಲ್ಲವೂ ಒಳಿತೆನ್ನುವಂತಿಲ್ಲ. ಗುಜರಾತಿನ ಕಚ್ಛ್‌ನಲ್ಲಿರುವ ಬನ್ನಿ ಹುಲ್ಲುಗಾವಲಿನಲ್ಲಿ, ಉಪ್ಪುನೆಲ ಹಬ್ಬದಿರಲೆಂದು 1961ರಲ್ಲಿ ಬಳ್ಳಾರಿ ಜಾಲಿಯನ್ನು ಬೆಳೆಸಿದರು. ಅದರ ಸಿಹಿಕಾಯಿ ತಿಂದ ಜಾನುವಾರುಗಳು ಸೆಗಣಿಯೊಡನೆ ಬೀಜ ಬಿತ್ತುತ್ತ ಹೋದವು. ಹುಲ್ಲು ಹಿಂಜರಿಯಿತು, ದನ ಸಾಕುತ್ತಿದ್ದ ಮಾಲ್ಧಾರಿಗಳಲ್ಲಿ ಅನೇಕರು ಎಮ್ಮೆಗೆ ತಿರುಗಿದರು. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಯಲಿನಲ್ಲಿಯೂ ನೀಲಗಿರಿ ನೆಟ್ಟರು. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಈಗ ಅಲ್ಲಿಲ್ಲ. ಹುಲ್ಲುಬಯಲಿನ ಇಂಗಾಲ ಬಹುಪಾಲು ಮಣ್ಣಿನೊಳಗೇ ಅಡಗಿರುತ್ತದೆ. ಅದನ್ನು ಅಗೆದು ತೋಪು ಮಾಡಿದರೆ ಇದ್ದ ಗಂಟಿಗೇ ಕೈಹಾಕಿದಂತೆ.

ನಮ್ಮ ಕಡೆಯ ಗೋಮಾಳಗಳ ವಿಷಯದಲ್ಲಿ ನನ್ನ ಭಯ ಇನ್ನೊಂದು ಬಗೆಯದು. ಸಸಿ ನೆಟ್ಟೊಡನೆ ಬೇಲಿ ಬೇಕು. ಅದು ಕುರಿಯ ಬಾಯಿಗೆ ಎಟುಕದಷ್ಟು ಬೆಳೆಯಲು ಮೂರು ನಾಲ್ಕು ಮಳೆಗಾಲವಾದರೂ ಬೇಕು. ಕೊರಂಗಾಡಿನ ರೈತನಿಗೆ ಬೇರೆ ತುಂಡು ನೆಲವುಂಟು. ಗೋಮಾಳವನ್ನೇ ನಂಬಿದವನಿಗೆ ಏನುಂಟು? ಊರಲ್ಲಿ ನಾನು ಈ ಮಾತೆತ್ತಿದಾಗ ತಾತ ಕೇಳಿದ್ದು ಒಂದೇ ಮಾತು: “ಗಿಡಕ್ಕೆ ಬೇಲಿ ಹಾಕ್ತೀರಿ, ಸರಿ. ಅಲ್ಲೀತನ್ಕ ಕುರಿ ಎಲ್ಲಿ ಮೇಯ್ಬೇಕಪ್ಪ?” ಅರ್ಥಶಾಸ್ತ್ರ ಓದುತ್ತಿರುವ ನನಗೆ ಒಡನೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಯೋಚಿಸಿದಾಗ ತೋಚಿದ್ದಿಷ್ಟು. ಗೋಮಾಳದ ಕಾಲುಭಾಗಕ್ಕೆ ಮಾತ್ರ ಮೊದಲು ಬೇಲಿ ಹಾಕಿ, ಆ ಮರಗಳು ತಲೆಯೆತ್ತರ ಮೀರಿದ ಮೇಲೆ ಇನ್ನೊಂದು ಭಾಗಕ್ಕೆ ಕೈಹಾಕಬಹುದು. ನೀಲಗಿರಿಯ ಬದಲು ಕರಿಜಾಲಿ, ಬಿಳಿಜಾಲಿ, ತುಗ್ಗಲಿ, ಕಮರ ಮುಂತಾದ ನಮ್ಮ ಮೇವಿನ ಮರಗಳನ್ನೇ ವಿರಳವಾಗಿ ನೆಡಬಹುದು. ಹುಲ್ಲು ಚೆನ್ನಾಗಿರುವ ಕಡೆ ಒಂದು ಸಸಿಯೂ ಬೇಡ. ಎಲ್ಲಿ, ಯಾವ ಮರ ಎಂಬುದನ್ನು ಗೊತ್ತುಮಾಡುವ ಸಭೆಗೆ ಕುರಿ ಕಾಯುವವರನ್ನೂ ಕರೆಯತಕ್ಕದ್ದು. ಹಗಲೆಲ್ಲ ಅವರು ಬಯಲಿನಲ್ಲಿರುವುದರಿಂದ, ಸಭೆ ದೀಪ ಹಚ್ಚಿದ ಮೇಲೆ ನಡೆದರೆ ಅನುಕೂಲ.