ನಾಯಿಮರಿಗೆ ರಕ್ತಭೇದಿ: ಪಾರ್ವೊ ವೈರಾಣುವನ್ನು ಗುರುತಿಸುವುದು ಹೇಗೆ?



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲುಬಾವು, ಕಾಲುಬಾಯಿ ಜ್ವರದ ಬಗ್ಗೆ ಓದುತ್ತೀರಿ. ಈ ಸಲ ಕೊಟ್ಟಿಗೆ ಕಾಯುವ ನಾಯಿಯ ಬಗ್ಗೆ ಬರೆಯಲು ಒಂದು ಕಾರಣವಿದೆ.

ಗಾದಿಗನೂರಿನಲ್ಲಿ ಸಂಘಕ್ಕೆ ಹಾಲು ಹಾಕುವ ಒಬ್ಬ ತಾಯಿ ಒಂದು ಬೆಳಿಗ್ಗೆ ನನ್ನನ್ನು ಕರೆಸಿದರು. ಎರಡೂವರೆ ತಿಂಗಳ ಮರಿ ವಾಂತಿ ಮಾಡಿಕೊಂಡು, ರಕ್ತ ಬೆರೆತ ಗಬ್ಬುವಾಸನೆಯ ಭೇದಿ ಮಾಡುತ್ತಿತ್ತು. “ಯಾರೋ ವಿಷ ಹಾಕ್ಯಾರ್ರೀ ಡಾಕ್ಟ್ರೇ” ಎಂದು ಪಕ್ಕದ ಮನೆಯ ಕಡೆ ನೋಡಿದರು. ಇದು ಪಾರ್ವೊ ರೋಗದ ಲಕ್ಷಣ, ಯಾರನ್ನೂ ದೂರಬೇಡಿ ಎಂದು ಹೇಳಿ ಚಿಕಿತ್ಸೆ ಕೊಟ್ಟೆ. ಮರುದಿನ ಮರಿ ಸತ್ತಿತು. ಜಾಗ ಶುದ್ಧ ಮಾಡುವ ವಿಧಾನ ಹೇಳುವುದನ್ನು ಅಂದು ನಾನೇ ಮರೆತಿದ್ದೆ. ತಿಂಗಳೊಳಗೆ ಅದೇ ಗೂಟಕ್ಕೆ ಕಟ್ಟಿದ ಹೊಸ ಮರಿಯೂ ಹಾಗೆಯೇ ಸತ್ತಿತು. ಆ ಎರಡನೆಯ ಮರಿಯನ್ನು ಉಳಿಸಬಹುದಿತ್ತು.

ಏನಿದು ಪಾರ್ವೊ?

ನಾಯಿಯ ಕರುಳಿಗೆ ತಗಲುವ ವೈರಾಣುಗಳಲ್ಲಿ ಕೊರೊನಾ, ರೋಟಾ ಮುಂತಾದವೂ ಇವೆ. ಹೆಚ್ಚು ಮಾರಕವಾದದ್ದು ಪಾರ್ವೊ. ಇದನ್ನು ಮೊದಲು ಗುರುತಿಸಿದ್ದು 1978ರಲ್ಲಿ. ಎರಡೇ ವರ್ಷಗಳಲ್ಲಿ ಇದು ಜಗತ್ತಿನೆಲ್ಲೆಡೆ ಹರಡಿತು. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಅಪಾಯ ಹೆಚ್ಚು. ವೈರಾಣು ಕರುಳಿನ ಒಳಪದರವನ್ನು ಹಾಳುಮಾಡುತ್ತದೆ, ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ಮಲದ ಮೂಲಕ ಹೊರಬಿದ್ದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಸು, ಎಮ್ಮೆ, ಮನುಷ್ಯರಿಗೆ ಇದು ತಗಲುವುದಿಲ್ಲ.

ಪತ್ತೆ ಹೇಗೆ?

ಮರಿಯ ಗುದದಿಂದ ಹತ್ತಿಕಡ್ಡಿಯಲ್ಲಿ ಮಲದ ಮಾದರಿ ತೆಗೆಯುತ್ತೇವೆ. ಮೊದಲನೆಯದು ಪಟ್ಟಿ ಪರೀಕ್ಷೆ. ಗರ್ಭಪರೀಕ್ಷೆಯ ಕಿಟ್‌ನಂತೆ ಹತ್ತು ಹದಿನೈದು ನಿಮಿಷದಲ್ಲಿ ಗೆರೆ ಮೂಡುತ್ತದೆ. ವೈರಾಣು ಕಡಿಮೆ ಇದ್ದರೆ ಗೆರೆ ಮೂಡದಿರಬಹುದು. ಆದ್ದರಿಂದ ಗೆರೆ ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು.

ಎರಡನೆಯದು ಪಿಸಿಆರ್. ಕೋವಿಡ್ ಕಾಲದಲ್ಲಿ ಮೂಗಿನ ದ್ರವ ತೆಗೆದು ಮಾಡಿದ್ದು ಇದೇ ಬಗೆಯ ಪರೀಕ್ಷೆ. ಒಂದು ಚಮಚ ಹೆಪ್ಪು ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತದಲ್ಲವೇ? ಹಾಗೆಯೇ ಈ ಯಂತ್ರ ವೈರಾಣುವಿನ ವಂಶವಾಹಿಯ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಅತಿ ಸ್ವಲ್ಪ ಇದ್ದರೂ ಸಿಕ್ಕಿಬೀಳುತ್ತದೆ.

ತಳಿ ಓದುವುದೇಕೆ?

ನಿಮ್ಮ ಹಸುವಿನ ಕಿವಿಯೋಲೆಯಲ್ಲಿ 12 ಅಂಕೆಗಳಿವೆ. ಒಂದು ಅಂಕೆ ಬದಲಾದರೆ ಹಸುವೇ ಬೇರೆ. ವೈರಾಣುವಿನ ಹೊರಕವಚದ ವಿಪಿ2 ಎಂಬ ಪ್ರೋಟೀನಿನಲ್ಲಿ 426ನೆಯ ಸ್ಥಾನವನ್ನು ನೋಡಿ, ಅದು 2ಎ, 2ಬಿ, 2ಸಿ ತಳಿಗಳಲ್ಲಿ ಯಾವುದೆಂದು ಹೇಳುತ್ತಾರೆ. 2ಸಿ ಮೊದಲು ಕಂಡದ್ದು 2000ದಲ್ಲಿ, ಇಟಲಿಯಲ್ಲಿ. ನಮ್ಮ ದೇಶದಲ್ಲಿ ಬಹುಕಾಲ 2ಎ ಹೆಚ್ಚಾಗಿತ್ತು. ಇತ್ತೀಚೆಗೆ 2ಸಿ ವರದಿಗಳೂ ಬರುತ್ತಿವೆ.

ಇದರಿಂದ ಲಾಭವೇನು? ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಲಸಿಕೆ ಹಾಕಿಸಿದ ಕೆಲವು ದಿನಗಳಲ್ಲಿ ಮರಿಗೆ ಭೇದಿಯಾದರೆ, ಮಲದಲ್ಲಿ ಸಿಕ್ಕಿದ್ದು ಲಸಿಕೆಯದೋ ಊರಿನದೋ ಎಂಬುದು ತಳಿ ಓದಿದರೆ ತಿಳಿಯುತ್ತದೆ. “ಲಸಿಕೆಯಿಂದಲೇ ರೋಗ ಬಂತು” ಎಂಬ ದೂರಿಗೂ ಸರಿಯಾದ ಉತ್ತರ ಸಿಗುತ್ತದೆ.

ನೀವು ಮಾಡಬೇಕಾದದ್ದು

1. ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ ಹಾಕಿಸಿ. ನಂತರ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಗಿಣ್ಣುಹಾಲಿನಿಂದ ಕರುವಿಗೆ ಬರುವಂತೆ ತಾಯಿಹಾಲಿನಿಂದ ಮರಿಗೂ ರಕ್ಷಣೆ ಬರುತ್ತದೆ. ಆ ರಕ್ಷಣೆ ಇರುವಾಗ ಲಸಿಕೆ ಹತ್ತದಿರಬಹುದು. ಅದಕ್ಕೇ ಮತ್ತೆ ಮತ್ತೆ ಹಾಕಿಸಬೇಕು.

2. ವಾಂತಿ ಮಾಡುವ ಮರಿಗೆ ಹಾಲು, ಗಂಜಿ ಬಲವಂತವಾಗಿ ಕುಡಿಸಬೇಡಿ. ಅಂದೇ ಪಶು ಆಸ್ಪತ್ರೆಗೆ ತನ್ನಿ. ಡ್ರಿಪ್ ಬೇಗ ಸಿಕ್ಕಿದರೆ ಬಹಳಷ್ಟು ಮರಿಗಳು ಉಳಿಯುತ್ತವೆ.

3. ಮಲವನ್ನು ಬಳಿದು ಆಳವಾಗಿ ಹೂಳಿ. ನೆಲ, ಬಟ್ಟಲು, ಸರಪಳಿ ತೊಳೆದು, ಒಂದು ಭಾಗ ಬ್ಲೀಚ್ ದ್ರಾವಣಕ್ಕೆ 30 ಭಾಗ ನೀರು ಬೆರೆಸಿ ಹಾಕಿ ಹತ್ತು ನಿಮಿಷ ಬಿಡಿ. ಫಿನಾಯಿಲ್‌ಗೆ ಈ ವೈರಾಣು ಸಾಯುವುದಿಲ್ಲ. ಬ್ಲೀಚ್ ಹಾಲಿನ ಕ್ಯಾನಿನ ಹತ್ತಿರ ಬೇಡ.

4. ಮಣ್ಣಿನ ನೆಲ ಪೂರ್ತಿ ಶುದ್ಧವಾಗುವುದು ಕಷ್ಟ. ಲಸಿಕೆಯ ಎಲ್ಲ ವರಸೆ ಮುಗಿಯದ ಮರಿಯನ್ನು ಒಂದು ವರ್ಷ ಅಲ್ಲಿಗೆ ತರಬೇಡಿ.

5. ಮೇವಿನ ಬಣವೆ, ಹಿಂಡಿ ಚೀಲದ ಬಳಿ ನಾಯಿ ಮಲ ಬೀಳದಂತೆ ನೋಡಿಕೊಳ್ಳಿ. ಪಾರ್ವೊ ಹಸುವಿಗೆ ಬಾರದಿದ್ದರೂ, ನಾಯಿ ಮಲದಿಂದ ಬರುವ ನಿಯೊಸ್ಪೊರಾ ಎಂಬ ಪರೋಪಜೀವಿ ಹಸುವಿನ ಕಂದು ಹಾಕಿಸಬಲ್ಲದು.

ಆ ತಾಯಿ ಈಗ ಮೂರನೆಯ ಮರಿ ಸಾಕುತ್ತಿದ್ದಾರೆ. ಲಸಿಕೆ ಮುಗಿಯುವ ತನಕ ಅದನ್ನು ತವರುಮನೆಯಲ್ಲಿ ಬಿಟ್ಟಿದ್ದರು. ಈಗ ಅದು ಕೊಟ್ಟಿಗೆ ಬಾಗಿಲಲ್ಲಿ ಮಲಗುತ್ತದೆ. ನಾನು ಹೋದರೆ ಬೊಗಳುತ್ತದೆ. ನಿಮ್ಮ ಮನೆಯಲ್ಲಿ ಮರಿ ಇದ್ದರೆ, ಅದಕ್ಕೆ ಎಷ್ಟು ವಾರವಾಯಿತೆಂದು ಇವತ್ತೇ ಲೆಕ್ಕ ಹಾಕಿ.